‘ಆಪರೇಷನ್’ ಅಂದ್ರ ಹೆಂಗಸರದ್ದ ಯಾಕ?

ನಮ್ಮ ಕೊಗನೊಳ್ಳಿಯಲ್ಲಿ ‘ಆಪರೇಷನ್ ಆತೇನ?’ ಅಂದರೆ ಯಾವ ಆಪರೇಷನ್ ಅಂತ ಯಾರೂ ತಿರುಗಿ ಕೇಳುವುದಿಲ್ಲ. ಕೇಳುವುದು ಬಾಣಂತಿಗೆ, ಅದೂ ಪಿಸುದನಿಯಲ್ಲಿ. ಗಂಡನಿಗೆ ಈ ಪ್ರಶ್ನೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಸಂತಾನ ನಿಯಂತ್ರಣದ ಮಾತು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಇದಕ್ಕಾಗಿ ಸರ್ಕಾರಿ ಕ್ಲಿನಿಕ್ ತೆರೆದಿತ್ತು. ನಮ್ಮ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆ 1921ರಲ್ಲೇ ಕ್ಲಿನಿಕ್ ಶುರು ಮಾಡಿ, 1927ರಿಂದ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ನಡೆಸಿದರು. ಅದು ಅಶ್ಲೀಲವೆಂದು ಕೋರ್ಟಿಗೆ ಎಳೆದಾಗ, 1934ರಲ್ಲಿ ಅವರ ಪರ ವಾದಿಸಿದವರು ಡಾ. ಅಂಬೇಡ್ಕರ್. ಮುಚ್ಚಿಡುವ ಮಾತಲ್ಲ ಇದು ಅಂತ ಅವರೆಲ್ಲ ಆಗಲೇ ಹೇಳಿದ್ದರು.

ಹಾಗಾದರೆ ಭಾರವೆಲ್ಲ ಹೆಂಗಸಿನ ಮೇಲೆ ಯಾಕೆ ಬಿತ್ತು? ತುರ್ತು ಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಹೆಚ್ಚಿನವು ಗಂಡಸರಿಗೆ, ಎಷ್ಟೋ ಕಡೆ ಬಲವಂತದಿಂದ. ಜನ ಸಿಟ್ಟಿಗೆದ್ದರು, ಸರ್ಕಾರ ಬಿತ್ತು. ಆಮೇಲೆ ಬಂದವರು ಗಂಡಸರನ್ನು ಕೇಳುವ ಗೋಜಿಗೇ ಹೋಗಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಹೆಚ್ಚೂಕಡಿಮೆ ಸೊನ್ನೆ.

ನನ್ನ ತಂಗಿಗೆ ಎರಡನೇ ಹೆರಿಗೆ ಆಗಿದೆ. ಮೈಯಲ್ಲಿ ರಕ್ತ ಕಡಿಮೆ. ‘ಈ ಸಲ ಅಳಿಯಂದಿರ ಮಾಡಿಸ್ಕೊಳ್ಳಲಿ’ ಅಂದೆ. ಅವಳ ಅತ್ತಿ, ‘ಗಂಡಸು ಕಬ್ಬು ಕಡಿಬೇಕು, ಲೋಡ್ ಹೊರಬೇಕು. ಶಕ್ತಿ ಹೋದ್ರ ಮನಿ ನಡಸಾವ್ರು ಯಾರವಾ?’ ಅಂದರು. ತಂಗಿನೂ ಅದೇ ಹೊಲದಲ್ಲಿ ದುಡಿಯುವವಳು. ಅವಳ ಶಕ್ತಿಯ ಮಾತು ಯಾರೂ ಎತ್ತಲಿಲ್ಲ. ರಕ್ತ ಏರಿದ ಮೇಲೆ ಬರ್ರಿ ಅಂತ ಡಾಕ್ಟರು ಹೇಳಿದ್ದಾರೆ.

ನಿಜ ಏನಂದರೆ, ಹೆಂಗಸಿಗೆ ಹೊಟ್ಟೆಯೊಳಗಿನ ಆಪರೇಷನ್. ಗಂಡಸಿಗೆ ಚರ್ಮದಲ್ಲಿ ಸಣ್ಣದೊಂದು ರಂಧ್ರ, ಹೊಲಿಗೆಯಿಲ್ಲ, ಅದೇ ದಿನ ಮನೆಗೆ. ಕೆಲವು ದಿನ ಭಾರ ಎತ್ತಬಾರದು. ಮೂರು ತಿಂಗಳು ನಿರೋಧ್ ಬಳಸಿ, ಪರೀಕ್ಷೆ ಮಾಡಿಸಬೇಕು. ಗಂಡಸುತನವೂ ಹೋಗುವುದಿಲ್ಲ, ಬಲವೂ ಕುಂದುವುದಿಲ್ಲ.

ಇದನ್ನ ಅಡುಗೆಮನೆಯಲ್ಲಿ ಹೆಂಗಸರಷ್ಟೇ ಮಾತಾಡಿಕೊಂಡರೆ ಸಾಲದು ರೀ. ಈ ಅಂಕಣವನ್ನ ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಓದಿ ಹೇಳ್ರಿ.