ಬೂಷ್ಟಿನ ಮದ್ದು ಮತ್ತು ಚರ್ಮದ ಕ್ಯಾನ್ಸರ್

ಬೂಷ್ಟಿನಿಂದ ಪೆನಿಸಿಲಿನ್ ಬಂದ ಕಥೆ ನಿಮಗೆ ಗೊತ್ತು. 1969ರಲ್ಲಿ ನಾರ್ವೆಯ ಪ್ರಸ್ಥಭೂಮಿಯೊಂದರಿಂದ ತಂದ ಮಣ್ಣಿನಲ್ಲಿದ್ದ ಶಿಲೀಂಧ್ರದಿಂದ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ವಿಜ್ಞಾನಿಗಳು ಸೈಕ್ಲೋಸ್ಪೊರಿನ್ ಪಡೆದರು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ಇದು ಟಿ ಜೀವಕೋಶಗಳನ್ನು ಅಡಗಿಸುತ್ತದೆ. ತೊಡಕಿರುವುದೂ ಅಲ್ಲೇ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಟ್ಟ ಚರ್ಮಕೋಶಗಳನ್ನು ಹುಡುಕಿ ಕೊಲ್ಲುವವೂ ಇದೇ ಟಿ ಕೋಶಗಳು. ಕಾವಲುಗಾರ ಮಲಗಿದರೆ ಕಳ್ಳನಿಗೆ ಸುಗ್ಗಿಯಲ್ಲವೇ? ಸಾಲದ್ದಕ್ಕೆ, ಹಾಳಾದ ಡಿಎನ್‌ಎ ದುರಸ್ತಿಗೂ ಈ ಔಷಧಿ ಅಡ್ಡಿಮಾಡುತ್ತದೆ. ಅಂಗಾಂಗ ಕಸಿಯಾದ ಬಿಳಿಯರಲ್ಲಿ ಸ್ಕ್ವೇಮಸ್ ಕೋಶಗಳ ಚರ್ಮದ ಕ್ಯಾನ್ಸರ್ ಇತರರಿಗಿಂತ ಹತ್ತಾರು ಪಟ್ಟು ಹೆಚ್ಚು. ಕಂದುಚರ್ಮದ ನಮ್ಮಲ್ಲಿ ಅಷ್ಟಿಲ್ಲ. ಹಾಗೆಂದು ರೋಗಿ ತಾನೇ ಮಾತ್ರೆ ನಿಲ್ಲಿಸಿದರೆ ಮೂತ್ರಪಿಂಡವೇ ಹೋದೀತು. ಇಂಥವರು ಬಿಸಿಲಿಗೆ ಕೊಡೆ, ತುಂಬುತೋಳಿನ ಅಂಗಿ ಬಿಡಬಾರದು. ಮಾಯದ ಹುಣ್ಣು ಕಂಡೊಡನೆ ವೈದ್ಯರಿಗೆ ತೋರಿಸಬೇಕು.