ಕಾಲು ತಣ್ಣಗಾದ ನಿಂಬೆಗಿಡ

ಜನವರಿಯ ಒಂದು ಭಾನುವಾರ ಷಿಕಾಗೋದಿಂದ ತಂಗಿ ವಿಡಿಯೊ ಕರೆ ಮಾಡಿದಳು. ಮುಖ ತೋರಿಸಲಿಲ್ಲ, ನೆಲ ತೋರಿಸಿದಳು. ಕಿಟಕಿ ಪಕ್ಕದ ಕುಂಡದ ಸುತ್ತ ನಿಂಬೆ ಎಲೆಗಳು ಉದುರಿ ಬಿದ್ದಿದ್ದವು. “ಅಣ್ಣಾ, ಒಳ್ಳೇ ಬಿಸಿಲು ಬೀಳೋ ಜಾಗದಲ್ಲೇ ಇಟ್ಟಿದೀನಿ. ಮನೇಲಿ ಹೀಟರ್ ಇದೆ. ಉದುರೋಕೆ ಶುರುವಾದಾಗಿಂದ ದಿನಾ ನೀರು ಹಾಕ್ತಿದೀನಿ. ಇನ್ನೇನ್ ಬೇಕಂತೆ ಇದಕ್ಕೆ?”

ಒಂದು ಎಲೆ ಎತ್ತಿ ಕ್ಯಾಮೆರಾಗೆ ಹಿಡಿ ಅಂದೆ. ಎಲೆ ಹಸಿರಾಗಿಯೇ ಇತ್ತು. ಸುಳಿವು ಸಿಕ್ಕಿದ್ದೇ ಅಲ್ಲಿ. ಗೊಬ್ಬರ ಸಾಲದ ಗಿಡ ಎಲೆ ಬೀಳಿಸುವ ಮುನ್ನ ಅದರಲ್ಲಿರುವ ಸಾರಜನಕವನ್ನು ಹಿಂದಕ್ಕೆಳೆದು ಚಿಗುರಿಗೆ ಕಳಿಸುತ್ತದೆ, ಮನೆ ಖಾಲಿ ಮಾಡುವವರು ಪಾತ್ರೆಪಡಗ ಸಾಗಿಸಿದ ಹಾಗೆ. ಎಲೆ ಹಳದಿಯಾಗುವುದು ಅದಕ್ಕೇ. ಹಸಿರೆಲೆಯನ್ನೇ ಚೆಲ್ಲಿದೆ ಎಂದರೆ ಗಿಡಕ್ಕೆ ಅಷ್ಟು ಪುರುಸೊತ್ತೂ ಇರಲಿಲ್ಲ. ಒದ್ದೆ ಮಣ್ಣಿನಲ್ಲಿ ನಿಂತುಕೊಂಡೇ ಅದು ಬಾಯಾರಿತ್ತು.

ಗಿಡವನ್ನು ನೀರೆತ್ತುವ ಯಂತ್ರ ಎಂದುಕೊಂಡರೆ ಅದರ ಮೋಟಾರು ಇರುವುದು ಕೆಳಗಲ್ಲ, ಮೇಲೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋದಷ್ಟೂ ಕಾಂಡದ ನಾಳಗಳಲ್ಲಿರುವ ನೀರು ಮೇಲಕ್ಕೆ ಸೆಳೆಯಲ್ಪಡುತ್ತದೆ. ಬೇರಿನ ಪಾಲಿನ ಕೆಲಸ ಮಣ್ಣಿನ ನೀರನ್ನು ಒಳಗೆ ಬಿಟ್ಟುಕೊಳ್ಳುವುದು. ಬೇರಿನ ಜೀವಕೋಶಗಳ ಪೊರೆಯಲ್ಲಿ ಇದಕ್ಕೆಂದೇ ಪ್ರೋಟೀನಿನ ಕಿಂಡಿಗಳಿವೆ. ಮಣ್ಣು ತಣ್ಣಗಾದರೆ ಈ ಕಿಂಡಿಗಳಲ್ಲಿ ಸಾಗುವ ನೀರು ಕಡಿಮೆಯಾಗುತ್ತದೆ, ನೀರೂ ಮಂದವಾಗುತ್ತದೆ. ನಿಂಬೆ, ಕಿತ್ತಳೆ, ಚಕ್ಕೋತಗಳ ಪೂರ್ವಜರು ಹಿಮಾಲಯದ ಆಗ್ನೇಯ ತಪ್ಪಲಿನವರು. ಅಸ್ಸಾಂ, ಉತ್ತರ ಮ್ಯಾನ್ಮಾರ್, ಯುನ್ನಾನ್ ಕಡೆಯವರು ಎಂದು 2018ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಹೇಳಿತು. ಬೆಚ್ಚನೆಯ ಮಣ್ಣಿನ ಕುಲ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಈ ಗಿಡಗಳ ಬೆಳವಣಿಗೆ ನಿಂತೇ ಹೋಗುತ್ತದೆ.

ಈಗ ಆ ಕಿಟಕಿಯನ್ನು ನೋಡಿ. ಗಾಜಿನ ಹಿಂದಿನ ಬಿಸಿಲಿಗೆ ಎಲೆ ಕಾಯುತ್ತದೆ, ಮೋಟಾರು ಓಡುತ್ತದೆ. ಕೆಳಗೆ ಬೇರು ಸೆಟೆದು ಕೂತಿದೆ. ಬತ್ತಿದ ಬೋರ್‌ವೆಲ್‌ಗೆ ಮೋಟಾರು ಹಾಕಿದರೆ ಆಗುವುದೇ ಇಲ್ಲೂ ಆಗುತ್ತದೆ. ಮೋಟಾರು ಸುಡುವ ಮೊದಲು ಗಿಡ ಅದನ್ನು ಕಳಚಿ ಎಸೆಯುತ್ತದೆ, ಅಷ್ಟೇ ವ್ಯತ್ಯಾಸ.

“ಮನೆಯೊಳಗೆ 21 ಡಿಗ್ರಿ ಇದೆ ಕಣೋ” ಎಂದು ತಂಗಿ ವಾದಿಸಿದಳು. ಅಡುಗೆಗೆ ಬಳಸುವ ಥರ್ಮಾಮೀಟರನ್ನು ಮಣ್ಣಿಗೆ ಚುಚ್ಚಿಸಿದೆ. ಹನ್ನೆರಡು! ಕುಂಡ ಇದ್ದದ್ದು ತಣ್ಣನೆಯ ಟೈಲ್ಸ್ ಮೇಲೆ. ಸಾಲದ್ದಕ್ಕೆ ಅದು ಬಣ್ಣ ಬಳಿಯದ ಮಣ್ಣಿನ ಕುಂಡ. ಬೇಸಿಗೆಯಲ್ಲಿ ಅಜ್ಜಿ ಮನೆಯ ಹೂಜಿ ನೀರನ್ನು ತಣ್ಣಗಿಡುತ್ತಿದ್ದುದು ಹೇಗೆ? ಮೈಯಿಂದ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ಬಿಸಿಯನ್ನು ಕದ್ದೊಯ್ಯುತ್ತಿತ್ತು. ಹೀಟರಿನ ಗಾಳಿ ನಮ್ಮ ಏಪ್ರಿಲ್ ಗಾಳಿಯಷ್ಟೇ ಒಣ. ತಂಗಿ ದಿನಾ ನೀರು ಹಾಕಿ ಹೂಜಿ ತುಂಬಿಸುತ್ತಿದ್ದಳು. ಅವಳ ಆರೈಕೆಯೇ ಬೇರನ್ನು ಇನ್ನಷ್ಟು ತಣ್ಣಗೆ ಮಾಡುತ್ತಿತ್ತು. ಮೇಲಾಗಿ, ಕುಡಿಯದ ಬೇರಿನ ಸುತ್ತ ನೀರು ನಿಂತರೆ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ, ಬೇರು ಕೊಳೆಯುತ್ತದೆ.

ಹಾಗಾದರೆ ಚಳಿದೇಶದವರು ಶತಮಾನಗಳಿಂದ ಕಿತ್ತಳೆ ಸಾಕಿದ್ದು ಹೇಗೆ? ಪ್ಯಾರಿಸ್ ಹತ್ತಿರದ ವರ್ಸೇಲ್ಸ್ ಅರಮನೆಯಲ್ಲಿ, ಹದಿನಾಲ್ಕನೇ ಲೂಯಿಗಾಗಿ ವಾಸ್ತುಶಿಲ್ಪಿ ಅರ್ದುಆಂ ಮಾನ್ಸಾರ್ 1684ರಿಂದ 1686ರೊಳಗೆ ಕಟ್ಟಿದ ಕಿತ್ತಳೆಮನೆ ಇದೆ. ನಡುವಿನ ಸಾಲೆಯೇ 150 ಮೀಟರಿಗಿಂತ ಉದ್ದ, ಗೋಡೆಗಳು ಕೋಟೆಯಂತೆ ದಪ್ಪ, ಕಿಟಕಿಗಳೆಲ್ಲ ದಕ್ಷಿಣಕ್ಕೆ. ಮರದ ಪೆಟ್ಟಿಗೆಗಳಲ್ಲಿ ಬೆಳೆದ ಮರಗಳು ಅಕ್ಟೋಬರಿನಲ್ಲಿ ಒಳಗೆ ಹೋಗಿ ಮೇ ತಿಂಗಳಲ್ಲಿ ಹೊರಬರುತ್ತವೆ. ಒಳಗೆ ಬೆಚ್ಚಗೇನೂ ಇರುವುದಿಲ್ಲ. ನೀರು ಹೆಪ್ಪುಗಟ್ಟದಿದ್ದರಾಯಿತು ಎನ್ನುವಷ್ಟು ಚಳಿ. ಆದರೆ ಬೆಳಕೂ ಮಂದ. ತಲೆಗೂ ಕಾಲಿಗೂ ಒಟ್ಟಿಗೆ ನಿದ್ದೆ, ಆದ್ದರಿಂದ ಜಗಳವಿಲ್ಲ. ಎರಡೂ ಬೆಚ್ಚಗಿದ್ದು ಬೆಳಕು ಧಾರಾಳವಾಗಿದ್ದರೆ ಅದೂ ಸರಿಯೇ, ಗಿಡ ಬೆಳೆಯುತ್ತಲೇ ಇರುತ್ತದೆ. ಕೆಡುವುದು ಒಂದು ಎದ್ದು ಇನ್ನೊಂದು ಮಲಗಿದ್ದಾಗ.

ತಂಗಿ ಎರಡನೆಯ ದಾರಿ ಹಿಡಿದಳು. ಕುಂಡವನ್ನು ಸ್ಟೂಲಿನ ಮೇಲೇರಿಸಿ, ಕೆಳಗೆ ಥರ್ಮೋಕೋಲ್ ಇಟ್ಟು, ಸುತ್ತ ಪ್ಲಾಸ್ಟಿಕ್ ಹಾಳೆ ಸುತ್ತಿದಳು. ಮಣ್ಣು ಬೆಚ್ಚಗಾಗುವವರೆಗೆ ಕಿಟಕಿಗೆ ತೆಳು ಪರದೆ. ಬೆರಳು ಎರಡಂಗುಲ ಇಳಿಸಿ ಒಣಗಿದೆ ಅನ್ನಿಸಿದರೆ ಮಾತ್ರ ನೀರು, ಅದೂ ಉಗುರುಬೆಚ್ಚಗಿನದು. ಎಲೆಯಿಲ್ಲದ ಗಿಡಕ್ಕೆ ಗೊಬ್ಬರ ಬೇಡವೆಂದು ಬೈದು ಹೇಳಬೇಕಾಯಿತು. ಸೊರಗಿದವರನ್ನು ಕಂಡರೆ ತಿನ್ನಿಸುವುದು ನಮ್ಮ ಮನೆಯ ರೋಗ.

ಅವಳದು ಮೇಯರ್ ನಿಂಬೆ. ಅಮೆರಿಕದ ಕೃಷಿ ಇಲಾಖೆಗಾಗಿ ಸಸ್ಯ ಹುಡುಕುತ್ತಾ ಅಲೆದ ಫ್ರಾಂಕ್ ಮೇಯರ್ 1908ರಲ್ಲಿ ಚೀನಾದಿಂದ ತಂದದ್ದು. ಚೀನೀಯರು ಅದನ್ನು ಅಂದಕ್ಕಾಗಿ ಕುಂಡದಲ್ಲೇ ಬೆಳೆಸುತ್ತಿದ್ದರು. ಹಾಗಾಗಿ ಮನೆಯೊಳಗಿನ ಬಾಳು ಅದಕ್ಕೆ ತೀರಾ ಹೊಸದೇನಲ್ಲ.

ಮಾರ್ಚಿನಲ್ಲಿ ಬೋಳು ರೆಂಬೆಗಳ ಕಂಕುಳಿನಿಂದ ಚಿಗುರು, ಜೊತೆಗೇ ಮೊಗ್ಗು. ಜೇನುನೊಣವಿಲ್ಲದ ಮನೆಯಲ್ಲಿ ಮಗಳ ಡ್ರಾಯಿಂಗ್ ಬ್ರಷ್ಷಿನಿಂದ ಹೂವಿಂದ ಹೂವಿಗೆ ಪರಾಗ ಸವರಿದಳಂತೆ. ಬಹುಪಾಲು ಹೂ ಉದುರಿದವು. ಹೊರಗಿನ ತೋಟದಲ್ಲೂ ಹಾಗೆಯೇ, ಹಣ್ಣಾಗುವುದು ನೂರಕ್ಕೆ ಒಂದೆರಡು. ನಿಂತ ನಾಲ್ಕು ಕಾಯಿಗಳಲ್ಲಿ ಮೊದಲನೆಯದು ದೀಪಾವಳಿ ಹೊತ್ತಿಗೆ ಹಣ್ಣಾಯಿತು. ಅಂದು ರಾತ್ರಿ ಮತ್ತೆ ಕರೆ ಬಂತು.

“ಚಿತ್ರಾನ್ನಕ್ಕೆ ಹಿಂಡಿದೆ ಅಣ್ಣಾ. ಹುಳಿಯೇ ಇಲ್ಲ, ಸಿಹಿ ಸಿಹಿ!”