ಕ್ಲಿಕ್ ಎಂದರೂ ಕೂರದ ಗೇರು

ಮಳೆ ನಿಂತ ಮೇಲೆ ಸಕಲೇಶಪುರದ ಕಡೆಯ ಎಸ್ಟೇಟ್ ದಾರಿಗಳಲ್ಲಿ ಮೌಂಟನ್ ಬೈಕ್ ಓಡಿಸುವುದು ನನಗೆ ಬಹಳ ಇಷ್ಟ. ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಏರಿನಲ್ಲಿ ಗೇರು ತಕರಾರು ಮಾಡಿತು. ಚಿಕ್ಕ ಹಲ್ಲುಚಕ್ರಗಳಲ್ಲಿ ಎಲ್ಲ ಸರಿಯಾಗಿತ್ತು. ಏರು ಕಡಿದಾಗಿ ದೊಡ್ಡ ಹಲ್ಲುಚಕ್ರಗಳ ಕಡೆಗೆ ಹೋದಂತೆಲ್ಲ ಚೈನು ಪಕ್ಕದ ಚಕ್ರವನ್ನು ಉಜ್ಜುತ್ತ ಕರಕರ ಎನ್ನತೊಡಗಿತು. ಕೆಳಗಿಳಿದವನೇ ಡಿರೇಲರ್ ಮೇಲೆ ಕಣ್ಣಿಗೆ ಬಿದ್ದ ಎರಡು ಪುಟ್ಟ ಸ್ಕ್ರೂಗಳನ್ನು ತಿರುವಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಚೈನು ಕೊನೆಯ ಹಲ್ಲುಚಕ್ರವನ್ನೂ ದಾಟಿ ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಆ ಸ್ಕ್ರೂಗಳಿಗೂ ನನ್ನ ತೊಂದರೆಗೂ ಸಂಬಂಧವೇ ಇರಲಿಲ್ಲ. ಗೇರು ಕೆಟ್ಟಾಗ ಹೊಸಬರು ಮೊದಲು ಕೈ ಹಾಕುವುದು ಅಲ್ಲಿಗೇ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಹಿಂದಿನ ಗಾಲಿಯ ಪಕ್ಕದಲ್ಲಿ ಎರಡು ಪುಲ್ಲಿಗಳೊಡನೆ ಜೋತುಬಿದ್ದಿರುವ ಭಾಗವೇ ಡಿರೇಲರ್. ನಾಲ್ಕು ಕೀಲುಗಳ ಸಮಾಂತರ ಚತುರ್ಭುಜ ಅದರ ಎದೆ. ಲಿವರ್ ಒತ್ತಿದಾಗ ಕೇಬಲ್ ಅದನ್ನು ಒಳಕ್ಕೆ, ದೊಡ್ಡ ಹಲ್ಲುಚಕ್ರದ ಕಡೆಗೆ ಎಳೆಯುತ್ತದೆ. ಕೇಬಲ್ ಸಡಿಲ ಬಿಟ್ಟಾಗ ಒಳಗಿರುವ ಸ್ಪ್ರಿಂಗ್ ಅದನ್ನು ಹೊರಕ್ಕೆ, ಚಿಕ್ಕ ಹಲ್ಲುಚಕ್ರದ ಕಡೆಗೆ ತರುತ್ತದೆ. ಸದಾ ನಡೆಯುವ ಈ ಹಗ್ಗಜಗ್ಗಾಟದಲ್ಲಿ ಯಾರು ಸೋಲುತ್ತಿದ್ದಾರೆ ಎಂದು ನೋಡಿದರೆ ರೋಗ ಎಲ್ಲಿದೆ ಎಂಬುದು ಬಹುಪಾಲು ತಿಳಿದುಬಿಡುತ್ತದೆ.

ಹಳೆಯ ಗೇರ್ ಸೈಕಲ್ಲುಗಳ ಲಿವರ್‌ನಲ್ಲಿ ಕ್ಲಿಕ್ ಇರಲಿಲ್ಲ. ಚೈನಿನ ಸದ್ದು ಕೇಳುತ್ತ, ಸದ್ದು ಅಡಗುವವರೆಗೆ ಸವಾರ ಲಿವರನ್ನು ಮೆಲ್ಲಗೆ ಸರಿಸಬೇಕಿತ್ತು. 1984ರಲ್ಲಿ ಜಪಾನಿನ ಶಿಮಾನೊ ಕಂಪನಿ ತನ್ನ ಡ್ಯೂರಾ-ಏಸ್ ಸರಣಿಯಲ್ಲಿ ಒಂದು ಕ್ಲಿಕ್‌ಗೆ ಒಂದು ಗೇರು ಎಂಬ ವ್ಯವಸ್ಥೆ ತಂದ ಮೇಲೆ, ಸವಾರನ ಕಿವಿ ಮಾಡುತ್ತಿದ್ದ ಕೆಲಸ ಯಂತ್ರದ ಅಳತೆಗೆ ಬಂತು. ಶಿಮಾನೊದ ಒಂಬತ್ತು ಗೇರಿನ ಮೌಂಟನ್ ಬೈಕಿನಲ್ಲಿ ಒಂದು ಕ್ಲಿಕ್ ಸುಮಾರು 2.5 ಮಿಲಿಮೀಟರ್ ಕೇಬಲ್ ಎಳೆಯುತ್ತದೆ. ಡಿರೇಲರ್ ಅದನ್ನು ಸುಮಾರು 1.7 ಪಟ್ಟು ಹಿಗ್ಗಿಸಿ ನಾಲ್ಕೂಕಾಲು ಮಿಲಿಮೀಟರ್ ಸರಿಯುತ್ತದೆ. ಹಲ್ಲುಚಕ್ರಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಹನ್ನೆರಡು ಗೇರಿನ ಕ್ಯಾಸೆಟ್‌ನಲ್ಲಿ, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಿನಲ್ಲಿ, ಅದು ಇನ್ನೂ ಕಿರಿದು. ಅರ್ಧ ಮಿಲಿಮೀಟರ್ ತಪ್ಪಿದರೂ ಚೈನು ಗೊಣಗುವುದು ಇದರಿಂದಲೇ.

ದೊಡ್ಡ ಹಲ್ಲುಚಕ್ರಕ್ಕೆ ಏರಲು ಚೈನು ತಡಮಾಡುತ್ತಿದೆ, ಇಳಿಯುವಾಗ ಚುರುಕಾಗಿದೆ ಅನ್ನಿ. ಕೇಬಲ್‌ನ ಬಿಗಿ ಸಾಲದು. ಕೇಬಲ್ ಡಿರೇಲರನ್ನೋ ಗೇರ್ ಲಿವರನ್ನೋ ಸೇರುವಲ್ಲಿ ಬೆರಳಲ್ಲಿ ತಿರುಗಿಸುವಂಥ ಒಂದು ಉರುಳೆ ಇರುತ್ತದೆ, ಬ್ಯಾರೆಲ್ ಅಡ್ಜಸ್ಟರ್. ಅದು ಹೊರಕ್ಕೆ ಬರುವಂತೆ ಕಾಲು ಸುತ್ತು ತಿರುಗಿಸಿ, ಪೆಡಲ್ ತುಳಿದು ನೋಡಿ, ಬೇಕಾದರೆ ಇನ್ನೊಂದು ಕಾಲು ಸುತ್ತು. ಹೊಸ ಸೈಕಲ್ಲಿನಲ್ಲಿ ಮೊದಲ ಕೆಲವು ವಾರ ಇದು ಸಹಜ. ಕೇಬಲ್ಲಿನ ಹೊರಕವಚದ ತುದಿಗಳು ತಮ್ಮ ಗುಳಿಗಳಲ್ಲಿ ಒತ್ತಿ ಕೂರುವಾಗ ಬಿಗಿ ಸ್ವಲ್ಪ ಇಳಿಯುತ್ತದೆ.

ಏರುವುದು ಸರಿಯಾಗಿದ್ದು ಚಿಕ್ಕದಕ್ಕೆ ಇಳಿಯಲು ಹಟ ಮಾಡುತ್ತಿದ್ದರೆ ಕಥೆ ಬೇರೆ. ಏರಿಸಲು ನಿಮ್ಮ ಹೆಬ್ಬೆರಳಿನ ಬಲವಿದೆ, ಇಳಿಸಲು ಪಾಪ ಆ ಸ್ಪ್ರಿಂಗ್ ಒಂದೇ. ಕವಚದೊಳಗೆ ಕೆಮ್ಮಣ್ಣೋ ತುಕ್ಕೋ ಸೇರಿ ಕೇಬಲ್ ಹಿಡಿದುಕೊಂಡರೆ ಮೊದಲು ಕೈಚೆಲ್ಲುವುದು ಸ್ಪ್ರಿಂಗೇ. ಮಲೆನಾಡಿನ ಒಂದು ಮಳೆಗಾಲ ಇದಕ್ಕೆ ಧಾರಾಳ ಸಾಕು. ಹಿಂದಿನ ಗಾಲಿಯನ್ನೆತ್ತಿ ಚೈನನ್ನು ಅತಿ ದೊಡ್ಡ ಹಲ್ಲುಚಕ್ರಕ್ಕೆ ತನ್ನಿ. ಪೆಡಲ್ ನಿಲ್ಲಿಸಿ, ಲಿವರನ್ನು ಮಾತ್ರ ಚಿಕ್ಕದರ ತನಕ ಕ್ಲಿಕ್ಕಿಸುತ್ತ ಹೋಗಿ. ಕೇಬಲ್ ಸಡಿಲವಾಗಿ ಕವಚದ ತುಂಡುಗಳು ಫ್ರೇಮಿನ ಕೊಂಡಿಗಳಿಂದ ಕಳಚಿ ಬರುತ್ತವೆ. ಅವನ್ನು ಕೇಬಲ್ ಮೇಲೆ ಹಿಂದೆ ಮುಂದೆ ಜಾರಿಸಿ ನೋಡಿ. ಮರಳು ಉಜ್ಜಿದಂತೆ ಕೈಗೆ ತಿಳಿದರೆ ಒರೆಸಿ, ಒಂದು ಹನಿ ಎಣ್ಣೆ ಬಿಡಿ. ಎಳೆ ಬಿಟ್ಟುಕೊಂಡಿದ್ದರೆ ಕೇಬಲ್ ಮತ್ತು ಕವಚ ಎರಡನ್ನೂ ಬದಲಿಸಿ. ಫ್ರೇಮಿನ ಒಳಗಡೆ ಕೇಬಲ್ ಹಾಯುವ ಹೊಸ ಮಾದರಿಗಳಲ್ಲಿ ಈ ಉಪಾಯ ನಡೆಯುವುದಿಲ್ಲ.

ಬದಲಿಸುವಾಗ ಒಂದು ಎಚ್ಚರಿಕೆ. ಬ್ರೇಕ್ ಕವಚ, ಗೇರ್ ಕವಚ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಬ್ರೇಕಿನದರೊಳಗೆ ತಂತಿ ಸುರುಳಿ ಸುತ್ತಿರುತ್ತದೆ. ಎಳೆದಾಗ ಸುರುಳಿ ತುಸು ಕುಗ್ಗುವುದರಿಂದ ಆ 2.5 ಮಿಲಿಮೀಟರಿನ ಲೆಕ್ಕ ಕೆಡುತ್ತದೆ. ಗೇರಿನದರಲ್ಲಿ ತಂತಿಗಳು ಉದ್ದುದ್ದಕ್ಕೆ ಸಾಲಾಗಿದ್ದು, ಕುಗ್ಗುವುದು ತೀರಾ ಕಡಿಮೆ. ಆದರೆ ಅದನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದಾಗ ಸೀಳಿಹೋಗಬಹುದು, ಜೀವಕ್ಕೇ ಅಪಾಯ. ಅಂಗಡಿಯಲ್ಲಿ ಯಾವುದು ಕೊಡುತ್ತಿದ್ದಾರೆಂದು ಕೇಳಿಯೇ ತನ್ನಿ.

ಗೇರು ಬದಲಿಸದೆಯೂ ಏರಿನಲ್ಲಿ ಬಲವಾಗಿ ತುಳಿದಾಗ ಚೈನು ಹಲ್ಲಿನ ಮೇಲೆ ಟಕ್ಕೆಂದು ಜಾರಿದರೆ ಚೈನೋ ಹಲ್ಲುಚಕ್ರವೋ ಸವೆದಿರುವ ಸಾಧ್ಯತೆ ಹೆಚ್ಚು. ಚೈನು ಉದ್ದವಾಯಿತು ಎನ್ನುತ್ತೇವಲ್ಲ, ಅಲ್ಲಿ ಉಕ್ಕು ಹಿಗ್ಗಿರುವುದಿಲ್ಲ. ಪ್ರತಿ ಪಿನ್ನೂ ಒಂದಿಷ್ಟು ಸವೆದು, ಆ ಸಡಿಲವೆಲ್ಲ ಕೂಡಿಕೊಂಡಿರುತ್ತದೆ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಹಾಗಾಗಿ 24 ಕೊಂಡಿಗೆ ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್ ಬರಬೇಕು. ಒಂದೂವರೆ ಮಿಲಿಮೀಟರ್ ಹೆಚ್ಚಿಗೆ ಬಂದರೆ ಚೈನು ಬದಲಿಸುವ ಹೊತ್ತು. ಮೂರು ಮಿಲಿಮೀಟರ್ ದಾಟುವವರೆಗೆ ಬಿಟ್ಟರೆ ಹಲ್ಲುಗಳೂ ಸವೆದಿರುತ್ತವೆ, ಹೊಸ ಚೈನು ಹಾಕಿದರೂ ಜಾರುತ್ತದೆ. ಕ್ಯಾಸೆಟ್‌ನಲ್ಲಿ ಕೆಲವು ಹಲ್ಲು ಮಾತ್ರ ಗಿಡ್ಡವಾಗಿ, ಓರೆಯಾಗಿ ಕಂಡರೆ ಗಾಬರಿ ಬೇಡ. ಚೈನು ಸಲೀಸಾಗಿ ಹತ್ತಿಳಿಯಲೆಂದು ಕಾರ್ಖಾನೆಯಲ್ಲೇ ಹಾಗೆ ಕಡೆದಿರುತ್ತಾರೆ.

ನಾನು ತಿರುವಿದ ಆ ಎರಡು ಸ್ಕ್ರೂಗಳು ಡಿರೇಲರಿಗೆ ಹಾಕಿದ ಗಡಿಗಲ್ಲುಗಳು. ಎಚ್ ಎಂದು ಬರೆದದ್ದು ಅತಿ ಚಿಕ್ಕ ಹಲ್ಲುಚಕ್ರದಿಂದ ಆಚೆ, ಎಲ್ ಎಂದು ಬರೆದದ್ದು ಅತಿ ದೊಡ್ಡದರಿಂದ ಆಚೆ ಹೋಗದಂತೆ ತಡೆಯುತ್ತದೆ. ನಡುವಿನ ಗೇರುಗಳಿಗೂ ಅವಕ್ಕೂ ಸಂಬಂಧವಿಲ್ಲ. ಒಮ್ಮೆ ಸರಿಯಾಗಿ ಕೂರಿಸಿದರೆ ತಾವಾಗಿ ಸರಿದಾಡುವುದೂ ಅಪರೂಪ.

ನನ್ನ ಸೈಕಲ್ಲಿನ ರೋಗ ಇದ್ದದ್ದು ಹ್ಯಾಂಗರಿನಲ್ಲಿ. ಡಿರೇಲರ್ ನೇತಾಡುವುದು ಫ್ರೇಮಿಗೆ ಸೇರಿಸಿದ ಅಲ್ಯುಮಿನಿಯಂನ ಆ ಪುಟ್ಟ ತುಂಡಿಗೆ. ಬಿದ್ದಾಗ ಫ್ರೇಮಿಗೂ ಡಿರೇಲರಿಗೂ ಪೆಟ್ಟಾಗುವ ಮೊದಲು ತಾನು ಬಾಗಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಹಿಂದಿನ ದಿನ ಜೀಪಿನಲ್ಲಿ ಸೈಕಲ್ಲನ್ನು ಬಲಮಗ್ಗುಲಿಗೆ ಮಲಗಿಸಿದ್ದೆ, ಅಷ್ಟಕ್ಕೇ ಅದು ಒಳಕ್ಕೆ ಬಾಗಿತ್ತು. ಹ್ಯಾಂಗರ್ ಬಾಗಿದರೆ ಒಂದು ಕಡೆಯ ಗೇರುಗಳಿಗೆ ಹೊಂದಿಸಿದ್ದು ಇನ್ನೊಂದು ಕಡೆ ಕೆಡುತ್ತದೆ, ಬ್ಯಾರೆಲ್ ಅಡ್ಜಸ್ಟರ್ ಎಷ್ಟು ತಿರುವಿದರೂ ಫಲವಿಲ್ಲ. ಹಾಗಾಗಿ ಯಾವುದನ್ನೂ ಮುಟ್ಟುವ ಮೊದಲು ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಮೇಲಿನ ಹಲ್ಲುಚಕ್ರ, ಅದರ ಕೆಳಗಿನ ಎರಡೂ ಪುಲ್ಲಿಗಳು ಒಂದೇ ನೆಟ್ಟಗಿನ ಗೆರೆಯಲ್ಲಿರಬೇಕು. ಕಾಡಿನ ದಾರಿಗೆ ಹೊರಡುವಾಗ ನಿಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಅದರ ಆಕಾರ ಫ್ರೇಮಿನಿಂದ ಫ್ರೇಮಿಗೆ ಬೇರೆ, ಸಿಕ್ಕ ಅಂಗಡಿಯಲ್ಲೆಲ್ಲ ಸಿಗುವ ಸಾಮಾನಲ್ಲ.